ಮುಂದಕ್ಕೆ ಬರೆದುಕೊಟ್ಟ ಚೀಟಿ

ನಮ್ಮ ಉತ್ತರ ಕನ್ನಡ ಜಿಲ್ಲೆಯ ವೈದ್ಯರು ಔಷಧಿ ಚೀಟಿಯನ್ನು ಬಿಟ್ಟರೆ ಅತಿ ಹೆಚ್ಚು ಬರೆಯುವ ಕಾಗದವೆಂದರೆ, ರೋಗಿಯನ್ನು ಬೇರೆ ಊರಿನ ದೊಡ್ಡ ಆಸ್ಪತ್ರೆಗೆ ಕಳುಹಿಸುವ ಪತ್ರ. ಜನರು ಇದಕ್ಕೆ ‘ಮುಂದಕ್ಕೆ ಬರೆದುಕೊಟ್ಟರು’ ಎನ್ನುತ್ತಾರೆ. ಕುಮಟಾ, ಹೊನ್ನಾವರ, ಭಟ್ಕಳದವರಿಗೆ ‘ಮುಂದೆ’ ಎಂದರೆ ಮಣಿಪಾಲ ಅಥವಾ ಮಂಗಳೂರು; ಶಿರಸಿ, ಯಲ್ಲಾಪುರದವರಿಗೆ ಹುಬ್ಬಳ್ಳಿ; ಕಾರವಾರದವರಿಗೆ ಬಹುಕಾಲದಿಂದ ಗೋವಾದ ಬಾಂಬೋಳಿ. ಕುಮಟಾದ ನನ್ನ ಚಿಕಿತ್ಸಾಲಯದ ಮೇಜಿನ ಎಡಬದಿಯಲ್ಲಿ ಈ ಪತ್ರಗಳಿಗೆಂದೇ ಒಂದು ಪ್ಯಾಡ್ ಇದೆ. ‘ಹೆಚ್ಚಿನ ಚಿಕಿತ್ಸೆಗಾಗಿ’ ಎಂಬ ಮಾತು ಅದರಲ್ಲಿ ಮುದ್ರಿತವಾಗಿಯೇ ಬರುತ್ತದೆ. ಹೆಸರು, ವಯಸ್ಸು ತುಂಬಿ ಸಹಿ ಹಾಕಿದರೆ ಕೆಲಸ ಮುಗಿಯಿತು.

ಕರಾವಳಿಯ ಒಂದು ಪದವಿ ಕಾಲೇಜಿನಲ್ಲಿ ಆರೋಗ್ಯ ವ್ಯವಸ್ಥೆಯ ಸುಧಾರಣೆ ಮತ್ತು ನೈತಿಕತೆ ಎಂಬ ವಿಷಯದ ಮೇಲೆ ನಾಲ್ಕು ತರಗತಿ ತೆಗೆದುಕೊಳ್ಳಬೇಕೆಂದು ಪ್ರಾಚಾರ್ಯರು ಕೇಳಿದಾಗ ನಾನು ಸಿದ್ಧಪಡಿಸಿಕೊಂಡು ಹೋದದ್ದು ದೊಡ್ಡ ದೊಡ್ಡ ಮಾತುಗಳನ್ನೇ: ದೇಶದ ಆರೋಗ್ಯ ಸೇವೆ ಹೇಗಿರಬೇಕೆಂದು ಹೇಳಿದ 1946ರ ಭೋರ್ ಸಮಿತಿಯ ವರದಿ, ಜೀವಿಸುವ ಹಕ್ಕು ಮತ್ತು ಸಾರ್ವಜನಿಕ ಆರೋಗ್ಯದ ಕುರಿತ ಸಂವಿಧಾನದ 21 ಮತ್ತು 47ನೆಯ ವಿಧಿಗಳು, ಬ್ರಿಟನ್ 1948ರಲ್ಲಿ ಆರಂಭಿಸಿದ ರಾಷ್ಟ್ರೀಯ ಆರೋಗ್ಯ ಸೇವೆ. ವಿದ್ಯಾರ್ಥಿಗಳು ಅವನ್ನೆಲ್ಲ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡರು. ಅವರು ಬಾಯಿಬಿಟ್ಟು ಮಾತನಾಡತೊಡಗಿದ್ದು ಮುಂದಕ್ಕೆ ಬರೆದುಕೊಡುವ ಈ ಚೀಟಿಯ ಪ್ರಸ್ತಾಪ ಬಂದ ಮೇಲೆ.

ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. 2022ರ ಜುಲೈ 20ರಂದು ಹೊನ್ನಾವರದಿಂದ ಕುಂದಾಪುರಕ್ಕೆ ರೋಗಿಯೊಬ್ಬರನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನ ಬಳಿ ಮಳೆಯಲ್ಲಿ ಮಗುಚಿ ನಾಲ್ವರು ಸತ್ತಾಗ ಈ ಮಕ್ಕಳು ಹೈಸ್ಕೂಲಿನಲ್ಲಿದ್ದರು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂಬ ಹಳೆಯ ಬೇಡಿಕೆ ಆಗ ಬೀದಿಗೂ ಮೊಬೈಲಿಗೂ ಬಂದದ್ದನ್ನು ಅವರು ಕಂಡಿದ್ದಾರೆ. ಹೀಗಾಗಿ ಆರೋಗ್ಯ ಸುಧಾರಣೆ ಎಂದೊಡನೆ ತರಗತಿಯ ಮುಕ್ಕಾಲು ಪಾಲು ಕೈಗಳು ಎದ್ದದ್ದು ಆಸ್ಪತ್ರೆಯ ಪರವಾಗಿ. ಕಾರವಾರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆಯಲ್ಲ ಎಂದು ನಾನು ನೆನಪಿಸಿದಾಗ, ಭಟ್ಕಳದಿಂದ ಕಾರವಾರಕ್ಕೆ ಹೋಗುವ ಹೊತ್ತಿನಲ್ಲಿ ಮಣಿಪಾಲ ಮುಟ್ಟಬಹುದು ಎಂಬ ಉತ್ತರ ಬಂತು. ಭೂಗೋಳ ಬಲ್ಲವರ ಮಾತು ಅದು, ನಾನು ಎದುರಾಡಲಿಲ್ಲ.

ಆದರೆ ಒಂದು ಲೆಕ್ಕವನ್ನು ಅವರ ಮುಂದಿಟ್ಟೆ. ಹೃದಯದ ರಕ್ತನಾಳ ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿಹೋದಾಗ ಅದನ್ನು ಕರಗಿಸುವ ಚುಚ್ಚುಮದ್ದನ್ನು ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು. ಮೊದಲ ಎರಡು ಮೂರು ತಾಸುಗಳಲ್ಲಿ ಸಿಗುವ ಪ್ರಯೋಜನ ಆಮೇಲೆ ಇಳಿಯುತ್ತ ಹೋಗುತ್ತದೆ, ಹನ್ನೆರಡು ತಾಸು ದಾಟಿದರೆ ಕೊಡುವುದರಲ್ಲಿ ಅರ್ಥವಿಲ್ಲ. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ, ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ಹೃದ್ರೋಗ ಕೇಂದ್ರದ ತಜ್ಞರು ನೋಡಿ ಹೇಳುತ್ತಾರೆ, ದುಬಾರಿಯಾದ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ. ರೋಗಿಯನ್ನು ಆಮೇಲೆ ಮುಂದಕ್ಕೆ ಕಳುಹಿಸಲೇಬೇಕು. ಆದರೆ ಹೀಗೆ ಮದ್ದು ಹಾಕಿಸಿಕೊಂಡು ಹೊರಟವನಿಗೂ ಬರಿಗೈಯಲ್ಲಿ ಹೊರಟವನಿಗೂ ಅಜಗಜಾಂತರ. ಸರ್ಕಾರದ ಬಳಿ ಇರುವ ಹಣ ಒಂದೇ ಗಂಟು ಎಂದಾದರೆ ಅದರಿಂದ ಮೊದಲು ಏನು ಮಾಡಬೇಕು ಎಂದು ಕೇಳಿದೆ. ಅಂಕೋಲಾ ಕಡೆಯ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು ಹೇಳಿದಳು: “ಸರ್, ಚುಚ್ಚುಮದ್ದು ಇದ್ದರೆ ಸಾಕೇ? ರಾತ್ರಿ ಎರಡು ಗಂಟೆಗೆ ಅದನ್ನು ಕೊಡುವವರು ಇರಬೇಕಲ್ಲ.” ಆರೋಗ್ಯ ನೀತಿಯ ಕುರಿತ ಎಷ್ಟೋ ಸಭೆಗಳಲ್ಲಿ ಕುಳಿತು ಬಂದಿರುವ ನನಗೆ, ಈ ಪ್ರಶ್ನೆ ಅಲ್ಲೆಲ್ಲೂ ಇಷ್ಟು ನೇರವಾಗಿ ಕೇಳಿಬಂದ ನೆನಪಿಲ್ಲ.

ಚರ್ಚೆ ಬಿಸಿಯೇರಿದ್ದು ಗೋವಾದ ವಿಷಯದಲ್ಲಿ. ಬಾಂಬೋಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಹೊರರಾಜ್ಯದ ರೋಗಿಗಳಿಗೆ 2018ರ ಜನವರಿಯಿಂದ ಶುಲ್ಕ ವಿಧಿಸತೊಡಗಿದರು. ಕಾರವಾರ, ಸದಾಶಿವಗಡ, ಮಾಜಾಳಿಯ ಕುಟುಂಬಗಳಿಗೆ ಅದೊಂದು ಆಘಾತವೇ ಆಗಿತ್ತು. ಅಲ್ಲಿನವರಿಗೆ ಬಾಂಬೋಳಿ ಪರಸ್ಥಳವಲ್ಲ, ನೆಂಟರು ಇರುವ, ಮಾತು ತಿಳಿಯುವ ಊರು. “ಅಪಘಾತ ಆದವನ ಆಧಾರ್ ಕಾರ್ಡ್ ನೋಡಿ ಬಿಲ್ ಮಾಡುವುದು ಯಾವ ನ್ಯಾಯ?” ಎಂದು ಕಾರವಾರದ ಹುಡುಗನೊಬ್ಬ ಸಿಟ್ಟಿನಿಂದಲೇ ಕೇಳಿದ. ಗೋವಾದ ತೆರಿಗೆದಾರನ ಹಣದಿಂದ ನಡೆಯುವ ಆಸ್ಪತ್ರೆಯಲ್ಲಿ ಹಾಸಿಗೆ ಸಾಲದೆ ಅಲ್ಲಿಯವರೇ ನೆಲದ ಮೇಲೆ ಮಲಗಿದ್ದರೆ ಅವರು ಏನು ಮಾಡಬೇಕಿತ್ತು ಎಂದು ಇನ್ನೊಬ್ಬ ಕೇಳಿದ್ದಕ್ಕೆ ಅವನಿಗೆ ಛೀಮಾರಿಯೇ ಆಯಿತು.

ಆಗ ನಾನು ಮಂಗಳೂರಿನ ದಕ್ಷಿಣಕ್ಕೆ ಕೇರಳದ ಗಡಿಯಲ್ಲಿರುವ ತಲಪಾಡಿಯ ಕಥೆ ತೆಗೆದೆ. 2020ರ ಮಾರ್ಚ್ ಕೊನೆಯಲ್ಲಿ, ಕೋವಿಡ್ ಲಾಕ್‌ಡೌನಿನ ಮೊದಲ ದಿನಗಳಲ್ಲಿ, ಕರ್ನಾಟಕವು ಕಾಸರಗೋಡಿನ ಕಡೆಯ ರಸ್ತೆಗಳಿಗೆ ಮಣ್ಣು ಸುರಿದು ಗಡಿ ಮುಚ್ಚಿತು. ಕಾಸರಗೋಡಿಗೆ ಮಂಗಳೂರು ಹೇಗೋ ಕಾರವಾರಕ್ಕೆ ಬಾಂಬೋಳಿ ಹಾಗೆ. ಗಡಿ ದಾಟಲಾಗದೆ ರೋಗಿಗಳು ಸತ್ತರು; ವ್ಯಾಜ್ಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಗಿ, ಏಪ್ರಿಲ್ ಮೊದಲ ವಾರ ಕಳೆಯುವ ಹೊತ್ತಿಗೆ ತುರ್ತು ರೋಗಿಗಳನ್ನು ಬಿಡುವ ಏರ್ಪಾಡಾಯಿತು. ಆಗ ಸೋಂಕಿನ ಭಯ ನಿಜವಾಗಿತ್ತು, ಗೋವಾದಲ್ಲಿ ಹಾಸಿಗೆಯ ಕೊರತೆ ನಿಜವಿದ್ದಂತೆಯೇ. ಗೋವಾದವರು ಕೇಳಿದ್ದು ಹಣ, ನಾವು ಮುಚ್ಚಿದ್ದು ದಾರಿ. ಇದನ್ನು ಕೇಳಿ ಸಿಟ್ಟಿನ ಹುಡುಗ ಒಂದು ನಿಮಿಷ ಸುಮ್ಮನಿದ್ದು, “ಹಾಗಾದರೆ ರೋಗಿ ಯಾರ ಪಾಲಿಗೆ ಸರ್?” ಎಂದ.

ಪಠ್ಯಪುಸ್ತಕಗಳು ಹಕ್ಕು, ಸಮಾನತೆ, ದಕ್ಷತೆ ಎಂದು ವಿಂಗಡಿಸಿ ಹೇಳುವುದನ್ನು ಈ ಹುಡುಗ ಒಂದೇ ಪ್ರಶ್ನೆಗೆ ತಂದು ನಿಲ್ಲಿಸಿದ್ದ. ಸುಧಾರಣೆಯ ಚರ್ಚೆಗಳು ಹೆಚ್ಚಾಗಿ ದುಡ್ಡು ಯಾರು ಕೊಡಬೇಕು ಎಂಬಲ್ಲಿ ಸುತ್ತುತ್ತವೆ. ನಮ್ಮಂಥ ಜಿಲ್ಲೆಯಲ್ಲಿ ಅದಕ್ಕಿಂತ ಮೊದಲು ಕೇಳಬೇಕಾದದ್ದು, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ರೋಗಿ ದಾಟುವಾಗ ನಡುವೆ ಅವನ ಹೊಣೆ ಯಾರದು ಎಂಬುದು. ಪಶ್ಚಿಮ ಬಂಗಾಳದ ಕೃಷಿ ಕಾರ್ಮಿಕ ಹಕೀಂ ಶೇಖ್ 1992ರಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಾಗ ಒಂದರ ನಂತರ ಒಂದು ಸರ್ಕಾರಿ ಆಸ್ಪತ್ರೆಗೆ ಒಯ್ದರೂ ಹಾಸಿಗೆಯಿಲ್ಲ, ಸೌಲಭ್ಯವಿಲ್ಲ ಎಂದು ಮುಂದಕ್ಕೆ ಕಳುಹಿಸಿದ್ದೇ ಬಂತು. ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ ಸ್ವಂತ ಖರ್ಚಿನಲ್ಲಿ ಉಳಿದುಕೊಂಡ ಎನ್ನಬೇಕು. 1996ರಲ್ಲಿ ಸುಪ್ರೀಂ ಕೋರ್ಟು, ಸಕಾಲದ ತುರ್ತು ಚಿಕಿತ್ಸೆ ಸಿಗದಿರುವುದು 21ನೆಯ ವಿಧಿಯ ಜೀವಿಸುವ ಹಕ್ಕಿನ ಉಲ್ಲಂಘನೆ, ಹಣದ ಕೊರತೆ ಸರ್ಕಾರಕ್ಕೆ ನೆಪವಾಗಲಾರದು ಎಂದು ಹೇಳಿ 25 ಸಾವಿರ ರೂಪಾಯಿ ಪರಿಹಾರ ಕೊಡಿಸಿತು. ಆ ಆಸ್ಪತ್ರೆಗಳು ಹೊಣೆಯನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತ ಹೋದವು ಎಂಬುದನ್ನು ವಿದ್ಯಾರ್ಥಿಗಳೇ ಗುರುತಿಸಿದರು.

ಚೀಟಿ ಈಗ ಯೋಜನೆಗಳ ಒಳಗೂ ಸೇರಿಕೊಂಡಿದೆ. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇಕಡಾ 30ರಷ್ಟನ್ನು, ವರ್ಷಕ್ಕೆ 1.5 ಲಕ್ಷದವರೆಗೆ, ಸರ್ಕಾರ ಭರಿಸುತ್ತದೆ. ತುರ್ತು ಸ್ಥಿತಿಯನ್ನು ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಕಾರ್ಡನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ, ಅದರೊಳಗೆ ರೆಫರಲ್ ಪತ್ರವನ್ನು ನಾಲ್ಕು ಮಡಿಕೆ ಮಾಡಿಟ್ಟುಕೊಂಡು ಬಸ್ಸು ಹತ್ತುವ ತಾಯಂದಿರನ್ನು ನಾನು ದಿನವೂ ನೋಡುತ್ತೇನೆ. ಅನುಕೂಲವಿದ್ದೂ ಬಿಪಿಎಲ್ ಕಾರ್ಡು ಇಟ್ಟುಕೊಂಡವರ ವಿಷಯ ಬಂದಾಗ ತರಗತಿಯಲ್ಲಿ ನಗು ಹರಡಿತು. ಕೆಲವರು ತಮ್ಮ ಮನೆಯ ಕಾರ್ಡನ್ನೇ ನೆನೆದು ನಕ್ಕಿರಬೇಕು, ನಾನು ಕೆದಕಲಿಲ್ಲ.

ವಿಮೆಯ ಚರ್ಚೆ ಬೇಗ ಮುಗಿಯಿತು. ಅಮೆರಿಕದಲ್ಲಿ 2010ರ ಆರೋಗ್ಯ ಸುಧಾರಣಾ ಕಾಯ್ದೆಯು ಆರೋಗ್ಯ ವಿಮೆ ಕೊಳ್ಳದ ಆರೋಗ್ಯವಂತ ಯುವಕರಿಗೂ ದಂಡ ವಿಧಿಸಿತ್ತು, ಹಾಗೆಯೇ 26 ವರ್ಷದವರೆಗೆ ತಂದೆತಾಯಿಯ ವಿಮೆಯಲ್ಲಿ ಉಳಿಯಲು ಅವಕಾಶವನ್ನೂ ಕೊಟ್ಟಿತು. ಆ ದಂಡ 2019ರಿಂದ ಸೊನ್ನೆಗೆ ಇಳಿಯಿತು. ಅಲ್ಲಿನ ಕಾಲೇಜು ಹುಡುಗರ ನಡುವೆ ಇದು ಸ್ವಾತಂತ್ರ್ಯದ ಪ್ರಶ್ನೆಯಾಗಿ ಬಹಳ ಚರ್ಚೆಯಾಗಿದೆ. ನಮ್ಮ ತರಗತಿಯಲ್ಲಿ ಶಿರಸಿಯ ತೋಟದ ಮನೆಯ ಹುಡುಗನೊಬ್ಬ ಇದನ್ನು ಚಿಟಿಕೆಯಲ್ಲಿ ಬಗೆಹರಿಸಿದ. ಅವನ ತಂದೆ ಸೊಸೈಟಿಯಲ್ಲಿ, ಸಹಕಾರ ಸಂಘಗಳ ಸದಸ್ಯರಿಗಾಗಿ ಇರುವ ಯಶಸ್ವಿನಿ ಆರೋಗ್ಯ ಯೋಜನೆಯ ಕಂತು ಕಟ್ಟುತ್ತ ಬಂದವರು; ಕಂತು ಕಟ್ಟಿದ ವರ್ಷ ಕಾಯಿಲೆ ಬಾರದಿದ್ದರೆ ಅದನ್ನು ನಷ್ಟವೆಂದು ಅವರ ಮನೆಯಲ್ಲಿ ಯಾರೂ ಹೇಳಿಲ್ಲವಂತೆ.

ಹೊಣೆ ತಮ್ಮ ಕಡೆಗೇ ತಿರುಗಿದಾಗ ಮಾತ್ರ ದನಿಗಳು ತಗ್ಗಿದವು. ವೈದ್ಯಕೀಯ ಪದವಿ ಮುಗಿಸಿದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕೆಂದು ಕರ್ನಾಟಕ 2012ರಲ್ಲಿ ಕಾಯ್ದೆ ಮಾಡಿತು. ರಾತ್ರಿ ಎರಡು ಗಂಟೆಗೆ ಯಾರು ಇರಬೇಕು ಎಂದು ಕೇಳಿದ್ದ ಅಂಕೋಲೆಯ ವಿದ್ಯಾರ್ಥಿನಿಯ ಅಕ್ಕ ವೈದ್ಯಕೀಯ ಓದುತ್ತಿದ್ದಾಳಂತೆ. ಅಕ್ಕನನ್ನು ಜೋಯಿಡಾದ ಒಳಗಿನ ಯಾವುದೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹಾಕಿದರೆ ಒಪ್ಪುತ್ತೀಯಾ ಎಂದು ಗೆಳತಿಯರೇ ಅವಳನ್ನು ಕೇಳಿದರು. “ಕ್ವಾರ್ಟರ್ಸ್ ಕೊಟ್ಟು, ಜೊತೆಗೆ ಇನ್ನೊಬ್ಬ ಸಿಸ್ಟರನ್ನು ಹಾಕಿದರೆ ಒಪ್ಪುತ್ತೇನೆ. ಒಬ್ಬಳೇ ಎಂದರೆ ಇಲ್ಲ” ಎಂದಳು. ಇದನ್ನು ಸ್ವಾರ್ಥ ಎನ್ನಲಾಗದು. ಒತ್ತಾಯದಿಂದ ಕಳುಹಿಸಿದ ವೈದ್ಯೆಯ ಹೊಣೆಯನ್ನೂ ಯಾರಾದರೂ ಹೊರಬೇಕಲ್ಲವೇ?

ಕೊನೆಯ ತರಗತಿ ಮುಗಿದು ನಾನು ಚೀಲ ಎತ್ತಿಕೊಳ್ಳುವಾಗ ಅವಳೇ ಬಂದು ಕೇಳಿದಳು: “ಸರ್, ನೀವು ಚೀಟಿ ಬರೆದುಕೊಟ್ಟವರು ಅಲ್ಲಿಗೆ ಮುಟ್ಟಿದರೋ ಇಲ್ಲವೋ ನಿಮಗೆ ಗೊತ್ತಾಗುತ್ತದೆಯೇ?” ಹೆಚ್ಚಿನವರದು ಗೊತ್ತಾಗುವುದಿಲ್ಲ ಎಂದೆ. ಮನೆಯವರು ಆಮೇಲೆ ಯಾವಾಗಲಾದರೂ ಬಂದರೆ ಹೇಳುತ್ತಾರೆ, ಬಾರದಿದ್ದರೆ ಇಲ್ಲ.

ಆ ವಾರವೇ ಪ್ಯಾಡಿನ ಪಕ್ಕದಲ್ಲಿ ಒಂದು ಉದ್ದ ನೋಟ್‌ಬುಕ್ ತಂದಿಟ್ಟೆ. ಹೆಸರು, ಹೊರಟ ಹೊತ್ತು, ಕೊಟ್ಟ ಮದ್ದು, ಕಳುಹಿಸಿದ ಆಸ್ಪತ್ರೆ, ಮನೆಯವರ ಫೋನ್ ನಂಬರ್ ಎಂದು ಗೆರೆ ಎಳೆದು, ಕೊನೆಯಲ್ಲಿ ‘ಮುಟ್ಟಿದ ಹೊತ್ತು’ ಎಂಬ ಒಂದು ಕಾಲಂ ಇಟ್ಟಿದ್ದೇನೆ. ಬೆಳಿಗ್ಗೆ ಮೊದಲ ರೋಗಿ ಬರುವ ಮೊದಲು ಹಿಂದಿನ ದಿನದವರಿಗೆ ಫೋನ್ ಮಾಡುತ್ತೇನೆ. ಕೆಲವರು ಎತ್ತುವುದಿಲ್ಲ, ಆ ಕಾಲಂ ಖಾಲಿ ಉಳಿಯುತ್ತದೆ. ಅಂಥವರ ಹೆಸರಿನ ಮುಂದೆ ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟು, ಮಧ್ಯಾಹ್ನ ಮತ್ತೊಮ್ಮೆ ಪ್ರಯತ್ನಿಸುವಂತೆ ಕಾಂಪೌಂಡರಿಗೆ ಹೇಳಿದ್ದೇನೆ.