ಹಳೆ ಪುಸ್ತಕದ ಬೆನ್ನಿಗೆ ಯಾವ ಅಂಟು?

ಕಲಬುರಗಿಯ ಮೇ ತಿಂಗಳ ಬಿಸಿಲಿಗೆ ಹಳೆ ಪುಸ್ತಕದಲ್ಲಿ ಮೊದಲು ಸೋಲುವುದು ಬೆನ್ನು. ನೂರು ವರ್ಷದ ಹಿಂದಿನ ಬೈಂಡಿಂಗಿಗೆ ಬಳಿದಿರುವುದು ಹೆಚ್ಚಾಗಿ ಚರ್ಮ, ಮೂಳೆ ಕುದಿಸಿ ತೆಗೆದ ಅಂಟು. ಒಣಹವೆಗೆ ಅದರ ತೇವ ಆರಿ, ಪುಸ್ತಕ ತೆರೆದರೆ ಸಾಕು, ಕಂದು ಚೂರಾಗಿ ಉದುರುತ್ತದೆ.

ಆಗ ಕೈ ಹೋಗುವುದು ಬಡಗಿಗಳ ಬಿಳಿ ಅಂಟಿನ ಡಬ್ಬಿಗೆ. ಈ ಪಿವಿಎ ಒಣಗಿತೆಂದರೆ ನೀರಿಗೆ ಮತ್ತೆ ಕರಗದು. ಮುಂದೊಂದು ದಿನ ಬಿಚ್ಚಲು ಹೋದರೆ ಅಂಟಿನ ಬದಲು ಕಾಗದವೇ ಹರಿಯುತ್ತದೆ.

ಹಳೆ ಅಂಟನ್ನು ಕೆರೆಯಬೇಡಿ. 100 ಮಿ.ಲೀ. ನೀರಿಗೆ 4 ಗ್ರಾಂ ಮೀಥೈಲ್ ಸೆಲ್ಯುಲೋಸ್ (ಸಸ್ಯನಾರಿನಿಂದ ಮಾಡುವ ಪುಡಿ) ಹಾಕಿ ಲೋಳೆ ಮಾಡಿ ಬೆನ್ನಿಗೆ ಬಳಿಯಿರಿ. ತಣ್ಣೀರೇ ಇರಲಿ, ಬಿಸಿನೀರಿಗೆ ಇದು ಕರಗುವುದಿಲ್ಲ. ಕಾಲು ಗಂಟೆಯಲ್ಲಿ ಮೆತ್ತಗಾದ ಅಂಟು ಮೊಂಡು ಬಿದಿರ ಕಡ್ಡಿಗೆ ಬರುತ್ತದೆ.

ಹೊಸದಾಗಿ ಹಚ್ಚಲು ಗೋಧಿಯ ಪಿಷ್ಟ. ಸಂಡಿಗೆಗೆ ಗೋಧಿ ಹಾಲು ತೆಗೆದವರಿಗೆ ದಾರಿ ಗೊತ್ತೇ ಇದೆ: ನಾದಿದ ಮೈದಾ ಉಂಡೆಯನ್ನು ನೀರಲ್ಲಿ ಹಿಚುಕಿದರೆ ರಬ್ಬರಿನಂಥ ಪ್ರೋಟೀನು ಕೈಯಲ್ಲುಳಿದು, ಪಿಷ್ಟ ತಳ ಸೇರುತ್ತದೆ. ಆ ಪ್ರೋಟೀನು ಉಳಿದರೆ ಅಂಟು ಹಳದಿಗಟ್ಟುತ್ತದೆ. ಒಣಗಿಸಿದ ಪಿಷ್ಟ ಒಂದು ಅಳತೆಗೆ ಬಟ್ಟಿ ಇಳಿಸಿದ ನೀರು ಐದು ಅಳತೆ. ಅರ್ಧ ತಾಸು ನೆನೆಸಿ, ಸಣ್ಣ ಉರಿಯಲ್ಲಿ 20–30 ನಿಮಿಷ ಕೈಬಿಡದೆ ತಿರುವಿ. 60 ಡಿಗ್ರಿಯ ಆಸುಪಾಸಿನಲ್ಲಿ ಕಣಗಳು ನೀರು ಕುಡಿದು ಉಬ್ಬುತ್ತವೆ. ಹಾಲುಬಣ್ಣ ಹೋಗಿ ಮಬ್ಬು ಗಾಜಿನಂತಾಗಬೇಕು. ಅವಸರಕ್ಕೆ ಇಳಿಸಿದರೆ ಹಿಡಿತವಿಲ್ಲ. ಆರಿದ ಮೇಲೆ ಬಟ್ಟೆಯಲ್ಲಿ ಎರಡು ಸಲ ಸೋಸಿ, ಹರಿದ ಪುಟಕ್ಕೆ ಮಜ್ಜಿಗೆಯಷ್ಟು, ರಟ್ಟಿಗೆ ಮೊಸರಿನಷ್ಟು ಹದ ಮಾಡಿ. ಫ್ರಿಜ್ಜಿನಲ್ಲಿ ನಾಲ್ಕೈದು ದಿನ ಬಾಳುತ್ತದೆ. ಹುಳಿ ವಾಸನೆ ಬಂತೆಂದರೆ ಚೆಲ್ಲಿ. ಹುಳಕ್ಕೆಂದು ಮೈಲುತುತ್ತ ಬೆರೆಸುವ ರೂಢಿ ಮಾತ್ರ ಬಿಡಿ, ಅದರ ತಾಮ್ರ ಕಾಗದವನ್ನೇ ಬೇಗ ಪುಡಿ ಮಾಡುತ್ತದೆ.

ಬೇಸಿಗೆಯಲ್ಲಿ ಕುಂಚದಲ್ಲೇ ಕೆನೆಗಟ್ಟುತ್ತದೆ, ಫ್ಯಾನ್ ಆರಿಸಿ ಬೆಳಗಿನ ಹೊತ್ತು ಮಾಡಿ. ಮಳೆಗಾಲದಲ್ಲಿ ತೇವ ಉಳಿದರೆ ಬೂಷ್ಟು. ಮೊದಲ ತಾಸಿನಲ್ಲಿ ಎರಡು ಮೂರು ಸಲ ಒತ್ತು ಕಾಗದ ಬದಲಿಸಿ, ರಾತ್ರಿಯಿಡೀ ಭಾರ ಹೇರಿಡಿ.

ಬೀದರಿನ ಕಡೆಯ ಹಳೆ ಫಾರ್ಸಿ ಕೈಬರಹವಾದರೆ ಮೊದಲು ಮೂಲೆಯ ಒಂದು ಅಕ್ಷರಕ್ಕೆ ಒದ್ದೆ ಹತ್ತಿ ತಾಗಿಸಿ. ಕಾಡಿಗೆ ಮಸಿ ಹತ್ತಿಗೆ ಬಂದರೆ ಅಲ್ಲಿ ನೀರಿನ ಅಂಟು ಬೇಡ. ಕೆಂಪು ಪುಡಿ ಬಿಡುವ ಚರ್ಮದ ಹೊದಿಕೆಗೂ ಬೇಡ, ನೀರು ತಾಗಿದಲ್ಲಿ ಅದು ಕಪ್ಪಾಗಿ ಗಟ್ಟಿಯಾಗುತ್ತದೆ. ಅದಕ್ಕೆ ಆಲ್ಕೋಹಾಲಿನಲ್ಲಿ ಶೇ. 2ರಷ್ಟು ಕರಗಿಸಿದ ಹೈಡ್ರಾಕ್ಸಿಪ್ರೊಪೈಲ್ ಸೆಲ್ಯುಲೋಸನ್ನು (ಇದೂ ಸಸ್ಯನಾರಿನದೇ) ಮೆತ್ತನೆ ಕುಂಚದಿಂದ ತೆಳ್ಳಗೆ ಸವರಿ, ಪುಡಿ ನಿಂತ ಮೇಲೆ ರಟ್ಟಿನ ಕೆಲಸಕ್ಕೆ ಕೈಹಾಕಿ.