ಕೆಳಗಿನ ಹಲ್ಲಿನ ಸೆಟ್ ನಿಲ್ಲುತ್ತಿಲ್ಲ, ಎರಡು ಇಂಪ್ಲಾಂಟ್ ಸಾಕಾಗುತ್ತಾ?

ಪ್ರಶ್ನೆ: ನಮ್ಮ ಆಯಿಗೆ 68 ವರ್ಷ. ಬಾಯಲ್ಲಿ ಒಂದೂ ಹಲ್ಲಿಲ್ಲ. ಮೂರು ವರ್ಷದ ಹಿಂದೆ ಮೇಲೆ, ಕೆಳಗೆ ಎರಡೂ ಸೆಟ್ ಮಾಡಿಸಿದೆವು. ಮೇಲಿನದು ಸರಿಯಾಗಿದೆ. ಕೆಳಗಿನದು ಮಾತಾಡಿದರೂ ಎದ್ದು ಬರುತ್ತದೆ. ಊಟಕ್ಕೆ ಕೂತರೆ ತೆಗೆದು ಬಟ್ಟಲಿನಲ್ಲಿ ಇಡುತ್ತಾರೆ. ಒಬ್ಬ ಡಾಕ್ಟರು ಇಂಪ್ಲಾಂಟ್ ಹಾಕಿ ಎಲ್ಲಾ ಹಲ್ಲು ಫಿಕ್ಸ್ ಮಾಡೋಣ ಅಂದರು. ಇನ್ನೊಬ್ಬರು ಎರಡೇ ಇಂಪ್ಲಾಂಟ್ ಸಾಕು ಅಂದರು. ಯಾವುದನ್ನು ನಂಬಬೇಕು? ಆಯಿಗೆ ಸಕ್ಕರೆ ಕಾಯಿಲೆಯೂ ಇದೆ.
(ಕುಮಟಾದ ಓದುಗರೊಬ್ಬರು)

ಉತ್ತರ: ಊಟಕ್ಕೆಂದು ಮಾಡಿಸಿದ ಹಲ್ಲನ್ನು ಊಟದ ಹೊತ್ತಿಗೇ ತೆಗೆದಿಡುವುದು ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇದೆ. ಮೊದಲು ಚಕ್ಕುಲಿ ಬಿಡುತ್ತಾರೆ. ಆಮೇಲೆ ಹಲಸಿನ ಹಪ್ಪಳ, ಒಣಮೀನು. ಕೊನೆಗೆ ಮೂರು ಹೊತ್ತೂ ಗಂಜಿ. ನಿಮ್ಮ ಆಯಿ ಅಲ್ಲಿಗೆ ಬಂದು ನಿಲ್ಲಬೇಕಾಗಿಲ್ಲ.

ನನಗೆ ಎರಡನೇ ಡಾಕ್ಟರ ಮಾತು ಸರಿ ಎನಿಸುತ್ತದೆ. ಮೇಲಿನ ಸೆಟ್ ಅಂಗುಳವನ್ನೆಲ್ಲ ಮುಚ್ಚಿ ಕೂರುತ್ತದೆ, ಹಾಗಾಗಿ ಗಾಳಿ ಎಳೆದು ಹಿಡಿಯುತ್ತದೆ. ಕೆಳಗಿನದಕ್ಕೆ ಆ ಅನುಕೂಲ ಇಲ್ಲ. ಅದು ಕುದುರೆ ಲಾಳದಂತಿರುವ ಸಣ್ಣ ಪಟ್ಟಿ, ನಡುವೆ ನಾಲಿಗೆ ಸದಾ ಆಡುತ್ತಿರುತ್ತದೆ. ಹಲ್ಲು ಹೋದ ಮೇಲೆ ದವಡೆಯ ಎಲುಬು ವರ್ಷ ವರ್ಷ ಸವೆಯುತ್ತದೆ. ಕೆಳಗಿನ ದವಡೆಯಲ್ಲಿ ಈ ಸವೆತ ಮೇಲಿನದಕ್ಕಿಂತ ತುಂಬಾ ಜಾಸ್ತಿ. ಸೆಟ್ ಮಾಡಿದವರ ಕೈ ಎಷ್ಟೇ ಒಳ್ಳೆಯದಿರಲಿ, ಕೆಳಗಿನದು ಸಡಿಲವಾಗುವುದು ಇದರಿಂದಲೇ.

ಆದರೆ ಕೆಳದವಡೆಯ ಮುಂಭಾಗದಲ್ಲಿ, ಮೊದಲು ಕೋರೆಹಲ್ಲು ಇದ್ದ ಜಾಗದಲ್ಲಿ, ವಯಸ್ಸಾದವರಿಗೂ ಸಾಮಾನ್ಯವಾಗಿ ಗಟ್ಟಿ ಎಲುಬು ಉಳಿದಿರುತ್ತದೆ. ಅಲ್ಲಿ ಎಡಕ್ಕೊಂದು, ಬಲಕ್ಕೊಂದು ಟೈಟಾನಿಯಂ ಸ್ಕ್ರೂ ಕೂರಿಸುತ್ತಾರೆ. ಇಂಪ್ಲಾಂಟ್ ಎನ್ನುವುದು ಇದನ್ನೇ. ಅದರ ತಲೆ ಒಸಡಿನ ಮೇಲೆ ಗುಂಡಿಯ ಹಾಗೆ ಕಾಣುತ್ತದೆ. ಸೆಟ್ಟಿನ ಒಳಗೆ ಅದಕ್ಕೆ ಹೊಂದುವ ರಿಂಗ್ ಇರುತ್ತದೆ. ರವಿಕೆಯ ಟಿಚ್ ಬಟನ್ ಇದ್ದ ಹಾಗೆ, ಒತ್ತಿದರೆ ಟಕ್ ಎಂದು ಕೂರುತ್ತದೆ. ಬೇಕೆಂದಾಗ ಆಯಿಯೇ ತೆಗೆಯಬಹುದು. 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ತಜ್ಞರು ಸೇರಿ, ಹಲ್ಲಿಲ್ಲದ ಕೆಳದವಡೆಗೆ ಮೊದಲ ಆಯ್ಕೆಯೇ ಎರಡು ಇಂಪ್ಲಾಂಟ್ ಮೇಲಿನ ಸೆಟ್ ಆಗಬೇಕು ಎಂದು ಒಮ್ಮತಕ್ಕೆ ಬಂದರು. ಈಗಿರುವ ಸೆಟ್ ಚೆನ್ನಾಗಿದ್ದರೆ ಎಷ್ಟೋ ಸಲ ಅದಕ್ಕೇ ರಿಂಗ್ ಕೂರಿಸಬಹುದು. ಇದನ್ನು ತಪ್ಪದೆ ಕೇಳಿ.

ಫಿಕ್ಸ್ ಹಲ್ಲಿಗೆ ನಾಲ್ಕರಿಂದ ಆರು ಇಂಪ್ಲಾಂಟ್ ಬೇಕು. ಜಗಿಯುವ ಬಲ ಅದರಲ್ಲಿ ಜಾಸ್ತಿ, ಖರ್ಚೂ ಜಾಸ್ತಿ. ಅದನ್ನು ಡಾಕ್ಟರು ಮಾತ್ರ ಬಿಚ್ಚಬಲ್ಲರು. ಹಾಗಾಗಿ ಹಲ್ಲಿನ ಅಡಿಯ ಸಂದಿಯನ್ನು ದಿನಾ ಸಣ್ಣ ಬ್ರಶ್ ತೂರಿಸಿ ತೊಳೆಯಬೇಕು. ಕೈ ನಡುಗುವವರಿಗೆ, ಕಣ್ಣು ಮಂಜಾದವರಿಗೆ ಅದು ಕಷ್ಟ. ಮೇಲಿನ ಸೆಟ್ ಸರಿ ಇದೆ ಎಂದಿದ್ದೀರಿ, ಸುಮ್ನೆ ಅದನ್ನು ಮುಟ್ಟಬೇಡಿ.

ಸ್ಕ್ರೂ ಎಲುಬಿನಲ್ಲಿ ನಿಲ್ಲುತ್ತಾ ಎಂಬ ಹೆದರಿಕೆ ಎಲ್ಲರಿಗೂ ಇದೆ. 1950ರ ದಶಕದಲ್ಲಿ ಸ್ವೀಡನ್ನಿನ ಡಾ. ಪರ್-ಇಂಗ್ವಾರ್ ಬ್ರೋನೆಮಾರ್ಕ್ ಮೊಲದ ಕಾಲಿನ ಎಲುಬಿಗೆ ಟೈಟಾನಿಯಂ ಸಲಕರಣೆ ಇಟ್ಟಿದ್ದರು. ತೆಗೆಯಲು ಹೋದರೆ ಬರಲಿಲ್ಲ, ಎಲುಬು ಅದನ್ನು ಹಿಡಿದುಕೊಂಡಿತ್ತು. 1965ರಲ್ಲಿ ಮೊದಲ ಬಾರಿ ಯೋಸ್ತಾ ಲಾರ್ಸನ್ ಎಂಬವರ ಕೆಳದವಡೆಗೆ ಇಂಪ್ಲಾಂಟ್ ಹಾಕಿದರು. 2006ರಲ್ಲಿ ಅವರು ತೀರಿಕೊಳ್ಳುವವರೆಗೂ ಅವು ಬಾಯಲ್ಲೇ ಇದ್ದವು. ಹೀಗೆ ಎಲುಬು ಹಿಡಿದುಕೊಳ್ಳಲು ಕೆಳದವಡೆಯಲ್ಲಿ ಸುಮಾರು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಹಳೆಯ ಸೆಟ್ಟನ್ನೇ ಒಳಗೆ ಸ್ವಲ್ಪ ಕೊರೆದು ಹಾಕಿಕೊಳ್ಳಲು ಕೊಡುತ್ತಾರೆ.

68 ವಯಸ್ಸು ಅಡ್ಡಿಯಲ್ಲ. ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ಅಡ್ಡಿ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ, ಸಕ್ಕರೆಗೆ ಔಷಧಿ ಕೊಡುವ ಡಾಕ್ಟರಿಗೂ ಹೇಳಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ನೀವಾಗಿಯೇ ನಿಲ್ಲಿಸಬೇಡಿ. ಮೈಯ ಎಲುಬು ಟೊಳ್ಳಾಗುವ ಕಾಯಿಲೆಗೆ (ಆಸ್ಟಿಯೊಪೊರೋಸಿಸ್) ಅಲೆಂಡ್ರೊನೇಟ್ ಮಾತ್ರೆ ಅಥವಾ ಜೊಲೆಡ್ರೊನಿಕ್ ಆಸಿಡ್ ಇಂಜೆಕ್ಷನ್ ತೆಗೆದುಕೊಂಡಿದ್ದರೆ ಮುಚ್ಚಿಡದೆ ಹೇಳಲೇಬೇಕು. ಅಂಥವರಿಗೆ ದವಡೆಯ ಗಾಯ ಮಾಯದೆ ಉಳಿಯುವ ಅಪಾಯವಿದೆ.

ಇನ್ನೊಂದು ಮಾತು ಕವಳದ, ಅಂದರೆ ಎಲೆ-ಅಡಿಕೆ ಜಗಿಯುವುದರ ಬಗ್ಗೆ. ಅಡಿಕೆಯ ಸೀಮೆಯಲ್ಲಿ ಇದನ್ನು ಹೇಳಿದರೆ ಹಿರಿಯರಿಗೆ ಬೇಜಾರಾಗುತ್ತದೆ, ಗೊತ್ತು. ಆದರೆ ಹೊಗೆಸೊಪ್ಪು ಇಂಪ್ಲಾಂಟ್ ಸುತ್ತಲಿನ ಒಸಡನ್ನು, ಎಲುಬನ್ನು ಹಾಳು ಮಾಡುತ್ತದೆ. ಅಡಿಕೆ ವರ್ಷಗಟ್ಟಲೆ ಜಗಿದರೆ ಬಾಯಿ ಬಿಗಿದು, ತೆರೆಯುವುದೇ ಕಷ್ಟವಾಗಬಹುದು. ಆಗ ಉಪಕರಣ ಒಳಗೆ ಹೋಗುವುದಿಲ್ಲ. ಆಯಿ ಕವಳ ಹಾಕುತ್ತಿದ್ದರೆ ಮೊದಲು ಅದನ್ನು ಬಿಡಿಸಿ. ಬಾಯಲ್ಲಿ ಬಿಳಿ ಕಲೆ, ಮಾಯದ ಹುಣ್ಣು ಇದೆಯೇ ಎಂದೂ ಡಾಕ್ಟರಿಂದ ನೋಡಿಸಿ.

ಖರ್ಚು ಕೇಳುವಾಗ ಬಿಡಿಬಿಡಿಯಾಗಿ ಕೇಳಿ: ಸ್ಕ್ಯಾನ್, ಇಂಪ್ಲಾಂಟ್, ಮೇಲಿನ ಗುಂಡಿ, ಸೆಟ್ಟಿನ ಕೆಲಸ, ಎಲ್ಲಾ ಸೇರಿ ಎಷ್ಟು? ಧಾರವಾಡ, ಬೆಳಗಾವಿ, ಮಣಿಪಾಲದ ದಂತ ಕಾಲೇಜುಗಳಲ್ಲೂ ವಿಚಾರಿಸಿ. ಆದರೆ ಓಡಾಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಹೊಲಿಗೆ ಬಿಚ್ಚಲು ಒಂದು ವಾರ, ಹತ್ತು ದಿನದೊಳಗೆ ಮತ್ತೆ ಹೋಗಬೇಕು. ಜೋರು ಮಳೆಯಲ್ಲಿ ವಯಸ್ಸಾದವರನ್ನು ಕೂರಿಸಿಕೊಂಡು ಘಟ್ಟ ಹತ್ತುವುದು ಬೇಡ. ಮಳೆಗಾಲ ಮುಗಿದ ಮೇಲೆ ಶುರು ಮಾಡಿದರೆ ಬೇಸಿಗೆಗೆ ಮುಂಚೆ ಮುಗಿಯುತ್ತದೆ.

ಒಳಗಿನ ರಿಂಗ್ ಸವೆಯುತ್ತದೆ, ಆಗಾಗ ಬದಲಾಯಿಸಬೇಕು. ಅದಕ್ಕೇ ಇಂಪ್ಲಾಂಟ್‌ನ ಕಂಪನಿ, ಅಳತೆ ಎರಡನ್ನೂ ಚೀಟಿಯಲ್ಲಿ ಬರೆಸಿಕೊಂಡು ಆಯಿಯ ಔಷಧಿ ಡಬ್ಬಿಯಲ್ಲೇ ಇಡಿ. ಆ ಚೀಟಿ ಇದ್ದರೆ ಕುಮಟಾದಲ್ಲೋ ಕಾರವಾರದಲ್ಲೋ ಯಾವ ಡಾಕ್ಟರಾದರೂ ಸರಿಯಾದ ರಿಂಗ್ ತರಿಸಿ ಹಾಕಬಹುದು. ರಾತ್ರಿ ಸೆಟ್ ತೆಗೆದು ತೊಳೆದು ನೀರಿನಲ್ಲಿಡಲಿ. ಬಾಯಲ್ಲಿರುವ ಆ ಎರಡು ಗುಂಡಿಗಳ ಸುತ್ತ ಮೆತ್ತನೆಯ ಬ್ರಶ್ ಆಡಿಸಿದ ಮೇಲೆಯೇ ಮಲಗಲಿ.