ಕೋಡಿಗೆ ಬಲೆ ಕಟ್ಟಬೇಡಿ

ಮಲೆನಾಡಿನಲ್ಲಿ ಹೋಂಸ್ಟೇ ನಡೆಸುವವರಿಗೆ ಈಗ ತೋಟದ ಕೆರೆಯೇ ದೊಡ್ಡ ಆಕರ್ಷಣೆ. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್‌ಗೆ ನೀರಿರಲಿ ಎಂದು ಹಿರಿಯರು ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿಸಿದ್ದರು. ಈಗ ಅದೇ ನೀರಲ್ಲಿ ಪೆಡಲ್ ಬೋಟ್, ದಡದಲ್ಲಿ ಗಾಳ ಹಾಕುವ ಜಾಗ, ಏರಿ ಮೇಲೆ ಕೂತು ಕಾಫಿ ಕುಡಿಯಲು ನಾಲ್ಕು ಕುರ್ಚಿ. ಅದರಲ್ಲಿ ತಪ್ಪೇನಿಲ್ಲ, ನನಗೂ ಅಲ್ಲಿ ಕೂರುವುದು ಇಷ್ಟ. ಆದರೆ ಕೆರೆ ನೋಡಲು ಯಾರೇ ಕರೆದರೂ ನಾನು ಮೊದಲು ಹೋಗುವುದು ಕೋಡಿ ಹತ್ತಿರ, ಅಂದರೆ ತುಂಬಿದ ಕೆರೆಯ ಹೆಚ್ಚಿನ ನೀರು ಹೊರಗೆ ಹರಿಯುವ ಜಾಗಕ್ಕೆ. ಅಲ್ಲಿ ಮತ್ತೆ ಮತ್ತೆ ಕಾಣುವುದು ಒಂದೇ: ಅಡ್ಡಡ್ಡ ಬಿಗಿದ ಬಲೆ, ಅದರ ಬುಡಕ್ಕೆ ಎರಡು ಸಾಲು ಮರಳಿನ ಚೀಲ.

ಬಲೆ ಕಟ್ಟಿದ್ದು ಕಾಟ್ಲಾ, ರೋಹು ಮೀನು ಹೊಳೆ ಪಾಲಾಗದಿರಲಿ ಅಂತ. ಚೀಲ ಇಟ್ಟಿದ್ದು ಇನ್ನೊಂದಡಿ ನೀರು ನಿಲ್ಲಲಿ, ಏಪ್ರಿಲ್‌ನಲ್ಲೂ ಬೋಟ್ ಓಡಲಿ ಅಂತ. ತೆಗೆಯಿರಿ ಎಂದರೆ ಎಲ್ಲರೂ ಏರಿ ತೋರಿಸುತ್ತಾರೆ. "ಎಷ್ಟು ಗಟ್ಟಿಯಾಗಿದೆ ನೋಡಿ ಸರ್, ಎಷ್ಟೋ ಮಳೆಗಾಲ ಕಂಡಿದೆ."

ಆ ಮಳೆಗಾಲಗಳಲ್ಲೆಲ್ಲ ಕೋಡಿ ತೆರೆದಿತ್ತು, ಅದಕ್ಕೇ ಏರಿ ಉಳಿಯಿತು. ಮಣ್ಣಿನ ಏರಿ ತನಗೆ ಒರಗಿ ನಿಂತ ನೀರನ್ನು ತಡೆಯುತ್ತದೆ. ತಲೆ ಮೇಲೆ ಹರಿಯುವ ನೀರನ್ನು ತಡೆಯಲಾರದು. ಏರಿ ಹತ್ತಿ ಉಕ್ಕಿದ ನೀರು ಹಿಂಬದಿಯ ಇಳಿಜಾರಿನಲ್ಲಿ ರಭಸವಾಗಿ ಇಳಿಯುತ್ತದೆ. ಹುಲ್ಲು ಕಿತ್ತು, ಮಣ್ಣು ಕೊರೆದು, ಕೊರಕಲು ಬುಡದಿಂದ ಮೇಲಕ್ಕೆ ಬೆಳೆಯುತ್ತದೆ. ನೆತ್ತಿಯಲ್ಲಿ ಒಂದು ಕಚ್ಚು ಬಿತ್ತೆಂದರೆ ಅಲ್ಲಿ ನೀರು ಜಾಸ್ತಿ ನುಗ್ಗುತ್ತದೆ, ನುಗ್ಗಿದಷ್ಟೂ ಕಚ್ಚು ಅಗಲವಾಗುತ್ತದೆ. ಆಮೇಲೆ ಜೆಸಿಬಿ ತಂದರೂ ಹತ್ತಿರ ಹೋಗಲಾಗದು.

ಒಂದು ಲೆಕ್ಕ ಹೇಳುತ್ತೇನೆ. ನಿಮ್ಮ ಕೆರೆಗೆ 25 ಎಕರೆಯ ನೀರು ಬರುತ್ತದೆ ಅಂದುಕೊಳ್ಳಿ. ನೆಲ ನೆನೆದು ತೊಪ್ಪೆಯಾಗಿರುವ ಜುಲೈನಲ್ಲಿ ಗಂಟೆಗೆ 50 ಮಿಲಿಮೀಟರ್ ಮಳೆ ಸುರಿದು, ಬಿದ್ದದ್ದೆಲ್ಲ ಹರಿದರೆ ಸೆಕೆಂಡಿಗೆ ಸುಮಾರು 1,400 ಲೀಟರ್ ಬರುತ್ತದೆ. ಕೋಡಿ 5 ಮೀಟರ್ ಅಗಲವಿದ್ದರೆ ಅಷ್ಟೂ ನೀರು 30 ಸೆಂಟಿಮೀಟರ್ ಆಳದಲ್ಲಿ ಹೊರಗೆ ಹೋಗುತ್ತದೆ. ಈಗ ಬಲೆಗೆ ಸಿಲ್ವರ್ ಓಕ್ ಎಲೆ, ಅಡಿಕೆ ಹಾಳೆ, ಮುರಿದ ಕೊಂಬೆ ಬಂದು ಮೆತ್ತಿಕೊಂಡವು. ಉಳಿದದ್ದು 1 ಮೀಟರ್ ಸಂದು. ಅಷ್ಟೇ ನೀರು ಆ ಸಂದಿನಲ್ಲಿ ಹೋಗಬೇಕಾದರೆ 90 ಸೆಂಟಿಮೀಟರ್‌ನಷ್ಟು ಮೇಲೇರಬೇಕು. ಮೂರು ಅಡಿ! ತೋಟದ ಕೆರೆಗಳಲ್ಲಿ ಕೋಡಿಯಿಂದ ಏರಿಯ ನೆತ್ತಿಗೆ ಅಷ್ಟು ಎತ್ತರ ಇರುವುದೇ ಕಡಿಮೆ. ಅದರಲ್ಲಿ ಒಂದಡಿಯನ್ನು ಮರಳಿನ ಚೀಲ ಆಗಲೇ ತಿಂದಿರುತ್ತದೆ. ಇದು ಅಂದಾಜು ಲೆಕ್ಕ, ನಿಮ್ಮ ಜಾಗದ ಇಳಿಜಾರು, ಕೆರೆಯ ಹರವು ನೋಡದೆ ಖಚಿತವಾಗಿ ಹೇಳಲಾಗದು. ಆದರೂ ಕಸ ಕಟ್ಟಿಕೊಂಡ ಕೋಡಿ ಏನು ಮಾಡುತ್ತದೆ ಎಂಬುದು ಎಲ್ಲ ಕೆರೆಯಲ್ಲೂ ಒಂದೇ.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸೌತ್ ಫೋರ್ಕ್ ಎಂಬ ಮಣ್ಣಿನ ಅಣೆಕಟ್ಟು ಇತ್ತು. ಎತ್ತರ ಸುಮಾರು 22 ಮೀಟರ್. ಕಾಲುವೆಗೆಂದು ಸರ್ಕಾರ ಕಟ್ಟಿಸಿದ್ದು, ಕೈ ಬದಲಾಗುತ್ತಾ 1879ರಲ್ಲಿ ಶ್ರೀಮಂತರ ಮೀನುಗಾರಿಕೆ ಕ್ಲಬ್ಬಿಗೆ ಬಂತು. ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿಯೂ ಅದರ ಸದಸ್ಯ. ತಳದ ತೂಬಿನ ಕೊಳವೆಗಳನ್ನು ಹಿಂದಿನ ಮಾಲೀಕನೇ ಕಿತ್ತು ಗುಜರಿಗೆ ಮಾರಿದ್ದ, ಕ್ಲಬ್ಬಿನವರು ಮತ್ತೆ ಹಾಕಿಸಲಿಲ್ಲ. ಎರಡು ಸಾರೋಟು ಎದುರುಬದುರು ಹೋಗಲೆಂದು ಏರಿಯ ನೆತ್ತಿ ತಗ್ಗಿಸಿ ಅಗಲ ಮಾಡಿದರು. ಸಾಕಿದ ಮೀನು ಹೋಗಬಾರದೆಂದು ಕೋಡಿಗೆ ಕಬ್ಬಿಣದ ಜಾಲರಿ ಹಾಕಿದರು. ಕೆಳಗಿನ ಊರಿನ ಉಕ್ಕಿನ ಕಂಪನಿಯವರು ಎಂಜಿನಿಯರ್ ಕಳಿಸಿ ಎಚ್ಚರಿಸಿದರೂ ಕ್ಲಬ್ಬು ಕಿವಿಗೆ ಹಾಕಿಕೊಳ್ಳಲಿಲ್ಲ. 1889ರ ಮೇ 31ರಂದು ದೊಡ್ಡ ಮಳೆಗೆ ಜಾಲರಿಯಲ್ಲಿ ಕಸ ಕಟ್ಟಿಕೊಂಡಿತು. ಆಳುಗಳು ಕಸ ಎಳೆದರು, ಏರಿಗೆ ಮಣ್ಣು ಹಾಕಿದರು, ಇನ್ನೊಂದು ತುದಿಯಲ್ಲಿ ಹೊಸ ಕೋಡಿ ಅಗೆದರು. ಮಧ್ಯಾಹ್ನ ಏರಿ ಒಡೆಯಿತು. ಕೆಳಗಿನ ಜಾನ್ಸ್‌ಟೌನ್ ಮತ್ತು ಸುತ್ತಮುತ್ತ 2,209 ಜನ ಸತ್ತರು. ನಿಮ್ಮ ಕೆರೆ ಅಷ್ಟು ದೊಡ್ಡದಲ್ಲ, ನಿಜ. ಕೆಳಗೆ ತೋಟದ ಆಳುಗಳ ಲೈನ್ ಮನೆಗಳಿವೆ ಅಲ್ವಾ?

ಮೂಡಿಗೆರೆ ಕಡೆಯ ಒಬ್ಬ ಗೌಡರಿಗೆ ಇದನ್ನೆಲ್ಲ ಹೇಳಿದೆ. ಒಳ್ಳೆಯ ಮನುಷ್ಯ, ಊಟ ಹಾಕದೆ ಕಳಿಸುವವರಲ್ಲ. "ಹಾಗಾದರೆ ಮೀನು?" ಅಂದರು. "ಗೌಡ್ರೇ, ಮೇ ತಿಂಗಳಲ್ಲಿ ನೀರು ಇಳಿದಾಗಲೇ ದೊಡ್ಡ ಮೀನು ಹಿಡಿಸಿಬಿಡಿ. ಮರಿ ಬಿಡೋದು ಮಳೆ ಕಡಿಮೆಯಾದ ಮೇಲೆ," ಅಂದೆ. ಬೋಟಿಗೆ ನೀರು ಸಾಲದಿದ್ದರೆ ಹೂಳು ತೆಗೆಸಬಹುದು. ಆದರೆ ಏರಿಯ ಬುಡ ಅಗೆಯದೆ, ದೂರದಿಂದ. ಅವರು ಒಪ್ಪಿದರು, ಅರೆಮನಸ್ಸಿನಿಂದ.

ಅಲ್ಲೇ ಒಂದು ಕೆಲಸ ಮಾಡಿದೆವು. ಗಾರೆ ಕೆಲಸದವರ ಟ್ಯೂಬ್ ಲೆವೆಲ್ (ನೀರು ತುಂಬಿದ ಪೈಪು) ತರಿಸಿ ಏರಿಯ ಉದ್ದಕ್ಕೂ ಮಟ್ಟ ನೋಡಿದೆವು. ಕಣ್ಣಿಗೆ ಸಮವಾಗಿಯೇ ಕಾಣುತ್ತಿತ್ತು. ನಡುವೆ ಮಾತ್ರ ಒಂದು ಗೇಣು ತಗ್ಗು, ಅದೂ ಜೀಪ್ ಓಡಾಡಿ ಚಕ್ರದ ಗೆರೆ ಬಿದ್ದ ಕಡೆ. ಇದು ಬಹಳ ಕಡೆ ಇರುತ್ತದೆ. ನಡುವೆ ಮಣ್ಣಿನ ಎತ್ತರ ಜಾಸ್ತಿ, ಹಾಗಾಗಿ ಕುಸಿಯುವುದೂ ಅಲ್ಲೇ ಜಾಸ್ತಿ. ನೀರು ಮೊದಲು ಉಕ್ಕುವುದು ಅಲ್ಲಿಂದಲೇ, ಹಳ್ಳದ ನೇರಕ್ಕೆ. ಮಣ್ಣು ಹಾಕಿ, ಪದರ ಪದರವಾಗಿ ಬಡಿದು ದಮ್ಮಾಸು ಮಾಡಿಸಿ ಎಂದು ಬರೆದುಕೊಟ್ಟೆ.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರ್‌ಗಿಂತ ಎತ್ತರದವಕ್ಕೆ, ಕೆಲವು ಷರತ್ತಿನ ಮೇಲೆ 10 ಮೀಟರ್ ದಾಟಿದವಕ್ಕೆ ಅನ್ವಯಿಸುತ್ತದೆ. ಆ ಕಾಯ್ದೆಯ ತಪಾಸಣೆ ತೋಟದ ಕೆರೆಯವರೆಗೆ ಬರುವುದಿಲ್ಲ. ನೋಡಬೇಕಾದವರು ನೀವೇ. ಬಲೆ, ಚೀಲಗಳನ್ನು ಇವತ್ತೇ ತೆಗೆಸಿ, ಅದಕ್ಕೆ ನನ್ನಂಥವರ ಸಲಹೆ ಬೇಕಿಲ್ಲ. ಏರಿಯ ಹಿಂಬದಿ ಬುಡದಲ್ಲಿ ಕದಡಿದ ನೀರು ಜಿನುಗುತ್ತಿದ್ದರೆ, ಏರಿಯಲ್ಲಿ ಬಿರುಕು ಬಿಟ್ಟಿದ್ದರೆ ಮಾತ್ರ ಕೂಡಲೇ ಕರೆಯಿರಿ, ಕೆಳಗಿನ ಮನೆಯವರಿಗೂ ಹೇಳಿ. ಉಳಿದ ತಪಾಸಣೆಯನ್ನು ಬೇಸಿಗೆಯಲ್ಲೇ ಮಾಡಿಸಿ. ಜುಲೈನಲ್ಲಿ, ಕೆರೆ ತುಂಬಿ ನಿಂತಾಗ ಫೋನ್ ಮಾಡಿದರೆ, ಏರಿ ಮೇಲೆ ಮಣ್ಣು ಹಾಕಿ ದಮ್ಮಾಸು ಮಾಡುವ ಹಾಗೂ ಇರುವುದಿಲ್ಲ.